ಅಂಗಡಿಗೆ ಎಳೆದ ವಾಯರು

2 ಮಾರ್ಚ್ 2001, ಶುಕ್ರವಾರ

ಈ ಡೈರಿ ನನ್ನದಲ್ಲ, ಅಂಗಡಿಯದು. ಮೊದಲ ಪುಟಗಳಲ್ಲಿ ನನ್ನ ಗಂಡ ಈ ವರ್ಷ ವಿಡಿಯೋ ತೆಗೆಯಬೇಕಾದ ಮದುವೆಗಳನ್ನು ಬರೆದುಕೊಂಡಿದ್ದಾರೆ: ಕನಕಗಿರಿ, ಕುಷ್ಟಗಿ, ನವಲಿ, ಶ್ರೀರಾಮನಗರ. ಕುಷ್ಟಗಿಯ ಮುಂದೆಯೂ ಊರುಗಳಿವೆ. ಆದರೆ ಕುಷ್ಟಗಿ ಮದುವೆ ಮುಗಿಸಿ ಬರುವಾಗಲೇ ಲಾರಿ ಹೊಡೆದು ಅವರು ಹೋದರು. ಬೈಕು ಗುರುತು ಸಿಗದ ಹಾಗೆ ನುಜ್ಜಾಗಿತ್ತಂತೆ. ಹೆಗಲ ಬ್ಯಾಗಿನೊಳಗಿನ ಕ್ಯಾಸೆಟ್ಟುಗಳಿಗೆ ಮಾತ್ರ ಒಂದು ಗೆರೆ ಬಿದ್ದಿಲ್ಲ. ಮಾತಾಡಿಸಲು ಬಂದವರೆಲ್ಲ ಅದನ್ನೊಂದು ಪವಾಡ ಎಂಬಂತೆ ಹೇಳಿ, ಚಹಾ ಕುಡಿದು ಹೋಗುತ್ತಾರೆ. ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ.

ಇದ್ದತ್ತಿನಲ್ಲಿ ಕೂತಿದ್ದೇನೆ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ, ಪರಗಂಡಸರ ಮುಂದೆ ಬರುವಂತಿಲ್ಲ. ರಸ್ತೆಗೆ ಮುಖ ಮಾಡಿ ಅಂಗಡಿ, ಹಿಂದೆ ಮನೆ. ನಡುವೆ ಅಂಗಳ, ನೀರಿನ ಟಾಕಿ, ಒಂದು ಬೇವಿನ ಗಿಡ. ಕೂಗಿದರೆ ಕೇಳುವಷ್ಟು ದೂರ. ಅಷ್ಟು ದೂರ ನಡೆಯಲು ಇನ್ನು ಜೂನ್ ತನಕ ಕಾಯಬೇಕು.

ಅತ್ತೆಯ ಎದುರು ಅತ್ತರೆ ಅವರೂ ಶುರು ಮಾಡುತ್ತಾರೆ. ಬಂದವರ ಎದುರು ಅಳದಿದ್ದರೆ ಕಲ್ಲಿನಂಥವಳು ಎನ್ನುತ್ತಾರೆ. ಡೈರಿಗೆ ಎರಡರ ಗೊಡವೆಯೂ ಇಲ್ಲ.

9 ಮಾರ್ಚ್

ಮೈದುನ ಮಾಜೀದ ಪರದೆಯ ಆಚೆ ಬಂದು ನಿಂತ. ಮೊನ್ನೆ ಮೊನ್ನೆಯ ತನಕ ನನ್ನ ತಾಟಿನಿಂದ ಉಪ್ಪಿನಕಾಯಿ ಎತ್ತಿಕೊಂಡು ಓಡುತ್ತಿದ್ದವನು. ಈಗ ಅವನಿಗೂ ನನಗೂ ನಡುವೆ ಹೂವಿನ ಬೆಡ್‌ಶೀಟು ಕಟ್ಟಿದೆ.

"ಭಾಬಿ, ಮಂದಿ ಕ್ಯಾಸೆಟ್ ಕೇಳಾಕತ್ಯಾರ್ರಿ. ಶೂಟಿಂಗ್ ಏನರ ಇರ್ಲಿ ನಾ ನೋಡ್ಕೋತೀನಿ. ಮಿಕ್ಸಿಂಗ್ ನನ್ನ ಕೈಲೆ ಆಗಂಗಿಲ್ರಿ. ನೀವು ಕೈ ಬಿಟ್ರ ಅಣ್ಣನ ಹೆಸರು ಮುಳುಗತೈತಿ."

ನನ್ನ ಅತ್ತೆ ಹಸೀನಾಬೇಗಂ ಮಿಕ್ಸಿಂಗಿಗೆ ಇವತ್ತಿಗೂ 'ಟಿವಿ ನೋಡೂದು' ಎನ್ನುತ್ತಾರೆ. ಒಂದು ಮದುವೆಗೆ ನಾಲ್ಕು ಕ್ಯಾಸೆಟ್ ತುಂಬಿಸಿಕೊಂಡು ಬರುತ್ತಾರಲ್ಲ, ಅದರಲ್ಲಿ ಬೇಕಾದ್ದು ಇಟ್ಟು, ಬೇಡದ್ದು ಕಡಿದು, ಹಾಡು ಕೂಡಿಸಿ ಒಂದೇ ಕ್ಯಾಸೆಟ್ ಮಾಡುವವರು ಯಾರು? ಕರಿ ಹಲಗೆಯ ಮೇಲೆ ಸೀಮೆಸುಣ್ಣದಿಂದ ಮದುಮಕ್ಕಳ ಹೆಸರು ಬರೆದು ಕ್ಯಾಮೆರಾದ ಮುಂದೆ ಹಿಡಿಯುವವರು ಯಾರು? ಮದುವೆಯಾಗಿ ಬಂದ ವರ್ಷವೇ ಅವರು ನನಗೆ ಕಲಿಸಿದರು. ಆಮೇಲೆ ಅವರು ಆ ಮಷೀನು ಮುಟ್ಟಿದ್ದೇ ಇಲ್ಲ. ಮಧ್ಯಾಹ್ನ ಅಂಗಡಿಯ ಶೆಟರ್ ಅರ್ಧ ಎಳೆದು, ನಾನು ಒಳಗಿನ ಕೋಣೆಯಲ್ಲಿ ಕೂರುತ್ತಿದ್ದೆ. ನನ್ನ ಕುರ್ಚಿಗೆ ಅವರೇ ಹತ್ತಿ ತುಂಬಿ ಗಾದಿ ಹೊಲಿದಿದ್ದರು. ಅಜ್ಜನ ಕಾಲದ ಗಾದಿ ಕೆಲಸ ಕೈಯಲ್ಲಿ ಇನ್ನೂ ಇತ್ತು. "ಎಲ್ಲಾರಿಗೂ ಹೇಳೀನಿ, ಇದು ನನ್ನ ಹೆಂಡ್ತಿ ಕೈ ಅಂತ. ಮಂದಿ ಭಾಳ ಹೊಗಳ್ತಾರ" ಎನ್ನುತ್ತಿದ್ದರು. ಆ ಮಾತು ತಿಂದೇ ನಾನು ಒಂಬತ್ತು ವರ್ಷ ಮಧ್ಯಾಹ್ನದ ನಿದ್ದೆ ಬಿಟ್ಟೆ.

ಮಾಜೀದನ ಉಪಾಯ ಹೀಗಿದೆ. ಮಷೀನುಗಳನ್ನು ಮನೆಗೆ ತಂದು ನನ್ನ ಕೋಣೆಯಲ್ಲಿ ಇಡುವುದು. ಅಂಗಡಿಯ ಟಿವಿ ಅಂಗಡಿಯಲ್ಲೇ ಇರುವುದು. ನಡುವೆ ವಾಯರು ಎಳೆಯುವುದು. ಗಿರಾಕಿಗಳು ಅಲ್ಲಿ ಕೂತು ನೋಡಿ ಏನು ಬೇಕು ಹೇಳುತ್ತಾರೆ, ಅದು ಇಲ್ಲಿ ನನಗೆ ಕೇಳಿಸುತ್ತದೆ. ಎಷ್ಟು ಒಳ್ಳೆಯ ಹುಡುಗ! ನನ್ನ ಕೈ ಖಾಲಿ ಇದ್ದರೆ ಹುಚ್ಚು ಹಿಡಿಯುತ್ತದೆ ಎಂದು ಅವನಿಗೊಬ್ಬನಿಗೇ ಹೊಳೆಯಿತು.

14 ಮಾರ್ಚ್

ವಾಯರು ಬಂತು. ಇಲ್ಲಿಂದ ಚಿತ್ರ, ಹಾಡು ಹೋಗಲು ಕೇಬಲ್ ಟಿವಿಯವರ ದಪ್ಪ ಕರಿ ವಾಯರು, ಅಲ್ಲಿಯ ಮಾತು ಬರಲು ಮೈಕಿನ ತೆಳು ವಾಯರು. ನನ್ನ ಕಿಟಕಿಯಿಂದ ಹೊರಟು ಅಂಗಡಿಯ ಹಿಂದಿನ ಬೆಳಕಿಂಡಿಯೊಳಗೆ ಹೋಗುತ್ತವೆ. ಮಾಜೀದ ಸೋಮಾರಿ, ಕೈಗೆ ಸಿಕ್ಕ ದಾರಿ ಹಿಡಿದ. ಮನೆಗೆ ಬರುವ ಕರೆಂಟಿನ ವಾಯರಿಗೇ ಜೋಡಿಸಿ ಕಟ್ಟಿದ. ನೀರಿನ ಮೋಟರ್ ಶುರುವಾದದ್ದೇ ತಡ, ಸ್ಪೀಕರಿನಿಂದ ಗುಂಯ್ ಎಂದು ಎಂಥಾ ಸದ್ದು! ಅತ್ತೆ ಜೇನು ಎದ್ದಿತೆಂದು ತಲೆಗೆ ಸೆರಗು ಸುತ್ತಿಕೊಂಡು ಓಡಿದರು. ಎಷ್ಟೋ ದಿನದ ಮೇಲೆ ನಕ್ಕೆ. ನಕ್ಕು ಹೆದರಿ ಬಾಯಿ ಮುಚ್ಚಿಕೊಂಡೆ.

ನನ್ನ ಕಡೆ ಮೈಕಿಲ್ಲ. "ಇದ್ದತ್ತಿನಾಗ ನಿಮ್ಮ ದನಿ ಪರರಿಗೆ ಹೋಗೂದು ಬ್ಯಾಡಂತ ಅಮ್ಮ ಅಂದಾಳ್ರಿ" ಎಂದ. ಹಾಗಾಗಿ ಹಳೆ ಕ್ಯಾಮೆರಾವನ್ನು ಕರಿ ಹಲಗೆಯ ಮುಂದೆ ನಿಲ್ಲಿಸಿಕೊಂಡಿದ್ದೇನೆ. ಏನಾದರೂ ಹೇಳಬೇಕಾದರೆ ಬರೆಯುತ್ತೇನೆ, ಅದು ಅಂಗಡಿಯ ಟಿವಿಯಲ್ಲಿ ಕಾಣುತ್ತದೆ. ಮೊದಲು ಬರೆದದ್ದು: ಕರೆಂಟ್ ವಾಯರಿನಿಂದ ದೂರ ಕಟ್ಟು, ಬೇವಿನ ಗಿಡದ ಮೇಲಿಂದ ತಾ. "ಆತ್ರಿ ಭಾಬಿ!" ಎಂದು ಸ್ಪೀಕರಿನಲ್ಲಿ ಮಾಜೀದನ ದನಿ. ಗಿಡ ಹತ್ತಿ ಕಟ್ಟಿದ. ಗುಂಯ್ ನಿಂತಿತು.

23 ಮಾರ್ಚ್

ಅಂಗಡಿ ಇಡೀ ದಿನ ನನ್ನ ಕಿವಿಯಲ್ಲಿ. ರಸ್ತೆಯ ಆಟೋ, ಚಹಾದವನ ಗ್ಲಾಸು, ಶೆಟರ್ ಏಳುವ ಸದ್ದು. ಅಲ್ಲೇ ಕೂತ ಹಾಗೆ ಆಗುತ್ತದೆ. ಇವತ್ತು ನವಲಿಯವರು ಬಂದಿದ್ದರು. ಮದುಮಗಳ ಮುಖ ಗುಲಾಬಿಯೊಳಗಿಂದ ಬರಬೇಕು, ಮದುಮಗ ಕುದುರೆ ಮೇಲೆ ಬರುವಾಗ ಆಕಾಶದಿಂದ ಹೂವು ಬೀಳಬೇಕು. ಬೀಳಿಸಿದೆ. ಸೀರೆಯ ಬಣ್ಣ ಮಂಕಾಗಿದೆ ಎಂದು ತಕರಾರು ಬೇರೆ. ವಾಯರು ಉದ್ದವಾದರೆ ಬಣ್ಣ ಸಾಯುತ್ತದೆ, ಕ್ಯಾಸೆಟ್ಟಿನಲ್ಲಿ ಸರಿಯಾಗೇ ಇರುತ್ತದೆ ಎಂದು ಹಲಗೆಯ ಮೇಲೆ ಬರೆದೆ.

"ಅಕ್ಷರ ಮುತ್ತಿನಂಗ ಅದಾವಲ್ಲೋ! ಯಾರ ಇದನ್ನ ಬರಿಯೂದು?" ಎಂದು ಯಾರೋ ಕೇಳಿದರು.

"ಒಳಗ ನಮ್ಮ ಆಪರೇಟರ್ ಅದಾನ್ರಿ" ಎಂದ ಮಾಜೀದ.

ಅದಾನಂತೆ! ಗಡ್ಡ ಮೀಸೆಯೂ ಬಂದಾವೇನೋ ನೋಡಿಕೊಳ್ಳಬೇಕು. ಇರಲಿ, ಇದ್ದತ್ತಿನಲ್ಲಿರುವವಳ ಹೆಸರು ಅಂಗಡಿಯಲ್ಲಿ ಯಾಕೆ ಎಂದು ಹಾಗೆ ಹೇಳಿರಬೇಕು. ಆದರೂ ಅವರಿದ್ದಿದ್ದರೆ ಹಾಗನ್ನುತ್ತಿರಲಿಲ್ಲ. ಎದೆ ತಟ್ಟಿಕೊಂಡು ನನ್ನ ಹೆಂಡ್ತಿ ಎನ್ನುತ್ತಿದ್ದರು.

6 ಏಪ್ರಿಲ್

ಕುಷ್ಟಗಿಯ ಕ್ಯಾಸೆಟ್ಟುಗಳನ್ನು ಇವತ್ತು ಮಷೀನಿಗೆ ಹಾಕಿದೆ. ದಾಳಿಂಬೆ ತೋಟದ ಹಂಪಣ್ಣನವರ ಮಗಳ ಮದುವೆ, ಅವರು ತೆಗೆದ ಕೊನೆಯದು.

ಕ್ಯಾಮೆರಾ ಹಿಡಿದವರು ಚಿತ್ರದಲ್ಲಿ ಬರುವುದಿಲ್ಲ. ದನಿ ಬರುತ್ತದೆ. "ಸ್ವಲ್ಪ ಸರೀರಿ ಅಕ್ಕಾರ… ತಂಗೀ, ಇತ್ಲಾಗ ನೋಡವಾ… ಹಾಂ, ನಗ್ರಿ." ಕಿವಿಯ ಪಕ್ಕದಲ್ಲೇ ನಿಂತು ಹೇಳಿದ ಹಾಗೆ. ನಾನು ಮಷೀನು ನಿಲ್ಲಿಸಿ ಗೋಡೆಗೆ ಒರಗಿ ಕೂತೆ. ಆಮೇಲೆ ಮತ್ತೆ ಹಚ್ಚಿದೆ. ಮತ್ತೆ ಹಿಂದಕ್ಕೆ ಓಡಿಸಿದೆ. ಅಡುಗೆ ಮಾಡುವುದನ್ನೂ ಮರೆತೆ.

ಆ ದನಿ ಇದ್ದಲ್ಲೆಲ್ಲ ಹಾಡು ಹಾಕಿ ಮುಚ್ಚುವುದು ಮಿಕ್ಸಿಂಗಿನ ಮೊದಲ ಪಾಠ. ಒಂಬತ್ತು ವರ್ಷ ಎಲ್ಲರ ಮದುವೆಯಲ್ಲೂ ನಾನು ಮಾಡಿದ್ದು ಅದೇ, ನನ್ನ ಗಂಡನ ದನಿ ಅಳಿಸಿದ್ದು. ಅಳಿಸಿದ ಮೇಲೆ ಅವೇ ಕ್ಯಾಸೆಟ್ಟುಗಳನ್ನು ಮುಂದಿನ ಮದುವೆಗೆ ಒಯ್ಯುವುದು, ಹಳೆಯದರ ಮೇಲೆ ಹೊಸದು ತುಂಬುವುದು. ಎಲ್ಲ ಅಂಗಡಿಯವರೂ ಹಾಗೇ ಮಾಡುತ್ತಾರೆ. ಈಗ ಲೋಕದಲ್ಲಿ ಅವರ ದನಿ ಉಳಿದಿರುವುದು ಈ ನಾಲ್ಕು ಕ್ಯಾಸೆಟ್ಟಿನಲ್ಲಿ ಮಾತ್ರ. ಇವನ್ನು ಮಾಜೀದನ ಕೈಗೆ ಕೊಡುವುದಿಲ್ಲ. ಹಂಪಣ್ಣನವರು ಕಾಯಲಿ.

7 ಏಪ್ರಿಲ್

ಮೊದಲ ಕ್ಯಾಸೆಟ್ ಇನ್ನೊಮ್ಮೆ ಕೇಳಿದೆ. ಉಳಿದವನ್ನು ಕೇಳಲಿಲ್ಲ. ಒಂದೇ ಸಲ ತಿಂದು ಮುಗಿಸಬಾರದು.

29 ಏಪ್ರಿಲ್

ಮದುವೆಯ ಮೇಲೆ ಮದುವೆ. ಕಣ್ಣು ಉರಿ. ಹಂಪಣ್ಣನವರು ಮತ್ತೆ ಬಂದಿದ್ದರು, ಮುಂದಿನ ವಾರ ಬರ್ರಿ ಎಂದು ಮಾಜೀದ ಕಳಿಸಿದ.

18 ಮೇ, ಶುಕ್ರವಾರ

ಬೋರ್ಡು ಬರೆಯುವ ಹೊಳಿಯಪ್ಪ ಅಂಗಡಿಗೆ ಬಂದಿದ್ದ. ಮೇಜಿನ ಮೇಲೆ ಮೈಕಿದೆ ಎಂಬುದು ಮಾಜೀದನಿಗೆ ಮರೆತಿತ್ತೋ, ನನಗೆ ಕೇಳಿದರೂ ಏನಾಯಿತು ಎಂದುಕೊಂಡನೋ.

"ಶಬ್ಬೀರ ಅನ್ನೂದು ಅಳಿಸಿ ಮಾಜೀದ ವಿಡಿಯೋ ಅಂತ ಬರಿ. ಅಕ್ಷರ ದೊಡ್ಡೂ ಇರ್ಲಿ" ಎಂದ.

"ಮತ್ತ ಆ ಹೆಣ್ಮಗಳು? ಇದ್ದತ್ ಮುಗದಿಂದ ಅಂಗಡಿಗೆ ಬರ್ತಾರೇನು?"

"ಎದಕ್ಕ? ಹಿಂದ ಮನ್ಯಾಗ ಆರಾಮ ಇರ್ತಾರ. ವಾಯರ್ ಐತಲ್ಲ."

ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು. ಬೋರ್ಡು ಹೋದರೆ ಹೋಗಲಿ, ಸತ್ತವರ ಹೆಸರು ಎಷ್ಟು ದಿನ ಬಿಸಿಲಲ್ಲಿ ನಿಂತೀತು. ಆದರೆ ನಾನು ಈ ನಾಲ್ಕು ಗೋಡೆಯನ್ನು ಸಹಿಸಿಕೊಂಡದ್ದೇ ಜೂನಿನಲ್ಲಿ ನನ್ನ ಕುರ್ಚಿಗೆ ಹೋಗಿ ಕೂರುತ್ತೇನೆ ಎಂಬ ಆಸೆಯ ಮೇಲೆ. ಇದ್ದತ್ತಿಗೆ ಕೊನೆ ಇದೆ. ಇವರು ಎಳೆದ ವಾಯರಿಗೆ ಕೊನೆ ಇಲ್ಲ. ಅದನ್ನು ಎಲ್ಲಿಂದ ಎಳೆಯಬೇಕೆಂದು ಬರೆದುಕೊಟ್ಟವಳು ನಾನೇ!

ಸಂಜೆ ಅತ್ತೆಯನ್ನು ಕೇಳಿದೆ.

"ಗಂಡ ಇದ್ದಾಗಿನ ಮಾತು ಬ್ಯಾರೆ ಯವ್ವಾ. ಈಗ ನೀ ಬೀದಿ ಅಂಗಡ್ಯಾಗ ಕುಂತ್ರ ಮಂದಿ ಏನಂದಾರು? ಮನ್ಯಾಗ ಕುಂತು ಟಿವಿ ನೋಡು, ಮಾಜೀದ ನಿಂಗ ಕಡಿಮಿ ಏನ ಮಾಡ್ಯಾನ?"

ಏನೂ ಕಡಿಮೆ ಮಾಡಿಲ್ಲ. ಉಪ್ಪಿನಕಾಯಿಯಿಂದ ಹಿಡಿದು ಕುರ್ಚಿಯ ತನಕ ಎಲ್ಲ ಅವನೇ ಎತ್ತಿಕೊಂಡಿದ್ದಾನೆ, ನನಗೇನೂ ಭಾರ ಉಳಿಸಿಲ್ಲ.

4 ಜೂನ್

ಹಂಪಣ್ಣನವರು ಇವತ್ತು ಕೂಗಾಡಿದರು. ಸ್ಪೀಕರು ಗಡಗಡ ಎಂದಿತು. "ಮಗಳು ಬಸುರಿ ಆಗ್ಯಾಳ, ಮದುವಿ ಕ್ಯಾಸೆಟ್ ಇನ್ನಾ ಇಲ್ಲ! ಹೆರಿಗಿ ವಿಡಿಯೋ ಜೋಡಿ ಕೊಡಾವ್ರೇನು?" ಅವರದೇನು ತಪ್ಪು. ಇದ್ದತ್ ಮುಗಿದ ಮರುದಿನ ಬರ್ರಿ ಎಂದು ಹಲಗೆಯ ಮೇಲೆ ಬರೆಯಲು ಹೋಗಿ, ಆಪರೇಟರ್ 'ಅದಾನ' ಅಲ್ಲವೇ ಎಂದು ನೆನಪಾಗಿ, 22ನೇ ತಾರೀಖು ಎಂದಷ್ಟೇ ಬರೆದೆ.

ಇನ್ನು ಮಾಡಲೇಬೇಕು. ನಾಳೆಯಿಂದ ಹಿಡಿಯುತ್ತೇನೆ. ದನಿ ಇರುವ ಕಡೆಯೆಲ್ಲ ಮೊದಲು ಬೇರೆ ಕ್ಯಾಸೆಟ್ಟಿಗೆ ಇಳಿಸಿ ಇಟ್ಟುಕೊಳ್ಳುತ್ತೇನೆ. ಒಂದು ಹೊಸ ಕ್ಯಾಸೆಟ್ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದೇನೆ.

7 ಜೂನ್

ಏನೂ ಬರೆಯುವುದಿಲ್ಲ.

8 ಜೂನ್

ಬರೆಯುತ್ತೇನೆ.

ಮೂರನೆಯ ಕ್ಯಾಸೆಟ್ಟು, ಊಟದ ಹೊತ್ತು. ಶಬ್ಬೀರ ಕ್ಯಾಮೆರಾ ಆರಿಸುವುದನ್ನು ಮರೆತು ಬೆಂಚಿನ ಮೇಲೆ ಇಟ್ಟಿದ್ದಾನೆ. ಚಿತ್ರದಲ್ಲಿ ಬರೇ ಕಾಲುಗಳು, ಎಂಜಲು ಎಲೆ, ಒಂದು ನಾಯಿ. ಹಂಪಣ್ಣನವರ ದನಿ ಕೇಳುತ್ತದೆ.

"ನಮ್ಮ ಬೀಗರ ಕ್ಯಾಸೆಟ್ ನೋಡಿನಿ, ಭಾಳ ಛಲೋ ಮಾಡೀರಿ. ಮಿಕ್ಸಿಂಗ್ ಯಾರ ಮಾಡ್ತಾರ?"

"ನಾನಽ ರೀ. ಮತ್ಯಾರ ಅದಾರ?"

"ಮನ್ಯಾಗಿನವ್ರು ಕೈಗೂಡಸ್ತಾರಂತಲ್ಲ?"

ಆಗ ಶಬ್ಬೀರ ನಗುತ್ತಾನೆ. ಆ ನಗು ನನಗೆ ಚೆನ್ನಾಗಿ ಗೊತ್ತು. "ನನ್ನ ಹೆಂಡ್ತೀನ? ಏ, ಆಕಿಗೆ ಟಿವಿ ಬಟನ್ ಒತ್ತಾಕ ಬರಂಗಿಲ್ರಿ ಸಾವಕಾರ್ರ. ಮಧ್ಯಾಹ್ನ ಉಂಡು ಮಲಗಿದ್ರ ಸಂಜಿಗೇ ಏಳೂದು." ಇಬ್ಬರೂ ನಗುತ್ತಾರೆ. ನಾಯಿ ಎಲೆಯನ್ನು ಎಳೆದುಕೊಂಡು ಹೋಗುತ್ತದೆ.

ನಿನ್ನೆ ಇಡೀ ದಿನ ಅದನ್ನು ಹಿಂದಕ್ಕೆ ಓಡಿಸಿ ಓಡಿಸಿ ಕೇಳಿದೆ, ಬೇರೆ ಯಾರದೋ ದನಿ ಇರಬಹುದು ಎಂದು. ಮಾಜೀದನನ್ನು ಮೂರು ವಾರದಿಂದ ಶಪಿಸುತ್ತಿದ್ದೆ. ಪಾಪ, ಅವನು ಹೊಸದಾಗಿ ಏನೂ ಮಾಡಿಲ್ಲ. ಅಣ್ಣನ ಅಂಗಡಿಯ ಜೊತೆ ಅಣ್ಣನ ಮಾತೂ ಅವನ ಪಾಲಿಗೆ ಬಂದಿದೆ, ಅಷ್ಟೇ.

ಉಂಡು ಮಲಗುತ್ತಿದ್ದೆನಂತೆ!

22 ಜೂನ್, ಶುಕ್ರವಾರ

ನಿನ್ನೆ ಇದ್ದತ್ ಮುಗಿಯಿತು. ಹೆಂಗಸರು ಬಂದು ಸತ್ತವರಿಗಾಗಿ ಪಾತೇಹ ಓದಿ, ಹೊಸ ಸೀರೆ ಕೊಟ್ಟು ಹೋದರು. ಇವತ್ತು ಬೆಳಗ್ಗೆ ಅಂಗಡಿಗೆ ಹೊರಟೆ. ಮಾಜೀದ ಅಂಗಳದಲ್ಲೇ ಎದುರಾದ. "ಬಿಸಲಾಗ ಯಾಕ್ರಿ ಭಾಬಿ? ಹಂಪಣ್ಣ ಸಾವಕಾರ್ರು ಬಂದು ಕುಂತಾರ. ಅಲ್ಲಿಂದನಽ ಹಚ್ರಿ, ವಾಯರ್ ಐತಲ್ಲ."

ಆಗಲಿ ಎಂದು ತಿರುಗಿ ಬಂದೆ. ಕ್ಯಾಸೆಟ್ ಹಚ್ಚಿದೆ. ಶಬ್ಬೀರನ ದನಿ ಇದ್ದಲ್ಲೆಲ್ಲ ಹಾಡು ಹಾಕಿದ್ದೆ, ಒಂದು ಕಡೆ ಬಿಟ್ಟು.

ಮದುಮಕ್ಕಳ ಮೇಲೆ ಅಕ್ಕಿಕಾಳು ಹಾಕುವುದು ಮುಗಿಯಿತು. ಸ್ಪೀಕರಿನಲ್ಲಿ ಹಂಪಣ್ಣನವರು ಭೇಷ್ ಭೇಷ್ ಎನ್ನುತ್ತಿದ್ದರು. ಆಮೇಲೆ ಊಟದ ಹೊತ್ತು ಬಂತು, ಕಾಲುಗಳು ಬಂದವು, ನಾಯಿ ಬಂತು. ಹಾಡು ನಿಂತಿತು. "ನಾನಽ ರೀ. ಮತ್ಯಾರ ಅದಾರ?" ಸತ್ತ ಶಬ್ಬೀರ ಪೂರ್ತಿ ಮಾತಾಡಿ, ಪೂರ್ತಿ ನಕ್ಕ. ಅದರ ಬೆನ್ನಿಗೇ ಕರಿ ಹಲಗೆ ಬಂತು: ಮಿಕ್ಸಿಂಗ್, ನಾಹೀದಾ.

"ಯಾರ್ರಿ ನಾಹೀದಾ?" ಹೆಂಗಸಿನ ದನಿ, ಹಂಪಣ್ಣನವರ ಹೆಂಡತಿ ಪಕ್ಕೀರವ್ವ ಇರಬೇಕು.

ಮಾಜೀದ ತಡವರಿಸಿದ. "ನಮ್ಮ ಭಾಬಿರಿ. ಅಣ್ಣನ ನೆನಪಿಗೆ ಅಂತ… ಒಂದು ಹೆಸರು ಹಾಕಿಸೀನ್ರಿ ನಾನಽ."

"ಪಾಪ" ಎಂದರು ಹಂಪಣ್ಣನವರು. "ಛಲೋ ಮಾಡಿದಿ. ಎಂಥಾ ಮೈದ್ನ ಸಿಕ್ಕಾನ ಆಕಿಗೆ."

ಅಷ್ಟೇ. ಹದಿನೈದು ದಿನ ಹಲ್ಲು ಕಚ್ಚಿ ಕಾದದ್ದು ಈ ಒಂದು 'ಪಾಪ' ಕೇಳಲು. ಹೆಸರು ಹಾಕಿದರೂ ಅದು ಅವನು ಮಾಡಿದ ಉಪಕಾರವಾಯಿತು.

ಕ್ಯಾಸೆಟ್ಟಿನಲ್ಲಿ ಮಗಳನ್ನು ಕಳಿಸುವ ಅಳು ಮುಗಿಯುತ್ತಿದ್ದಂತೆ ಅಡುಗೆಮನೆಯ ಕತ್ತರಿ ತಂದು ಕಿಟಕಿಯ ಹತ್ತಿರ ಎರಡೂ ವಾಯರು ಕಡಿದೆ. ಅಂಗಳ ದಾಟಿ ಅಂಗಡಿಯ ಹಿಂದಿನ ಬಾಗಿಲಿಂದ ಒಳಗೆ ಹೋದೆ. ಟಿವಿ ತುಂಬ ಚುಕ್ಕಿ ಕುಣಿಯುತ್ತಿದ್ದವು, ಮಾಜೀದ ಅದರ ತಲೆಯ ಮೇಲೆ ಬಡಿಯುತ್ತಿದ್ದ. ನನ್ನ ಗಾದಿ ಕುರ್ಚಿಯಲ್ಲಿ ಹಂಪಣ್ಣನವರು ಕೂತಿದ್ದರು.

"ಬಡೀಬ್ಯಾಡ. ವಾಯರ್ ನಾ ಕಡದೀನಿ" ಎಂದೆ. ನನ್ನ ದನಿ ಇಷ್ಟು ಗಟ್ಟಿ ಇದೆ ಎಂದು ನನಗೇ ಗೊತ್ತಿರಲಿಲ್ಲ. "ಸಾವಕಾರ್ರ, ನಿಮ್ಮ ಬೀಗರ ಕ್ಯಾಸೆಟ್ ಮಾಡಿದಾಕಿ ನಾನು. ಇದನ್ನ ಮಾಡಿದಾಕೀನೂ ನಾನು. ಉಂಡು ಮಲಗಿದ್ರ ಇವೆಲ್ಲಾ ಆಗತಿದ್ದಿಲ್ರಿ."

ಹಂಪಣ್ಣನವರು ಕುರ್ಚಿಯಿಂದ ಏಳಲಿಲ್ಲ, ಟೋಪಿ ಮಾತ್ರ ಸರಿ ಮಾಡಿಕೊಂಡರು. "ಅದು ಇರ್ಲವಾ. ಆ ಊಟದ್ದು ತಗದುಬಿಡ್ರಿ. ಸತ್ತ ಮನಷ್ಯಾನ ಮಾತು ಮದುವಿ ಕ್ಯಾಸೆಟ್ಟಿನಾಗ ಛಲೋ ಅಲ್ಲ."

ಬೆಂಚಿನ ಮೇಲಿದ್ದ ಪಕ್ಕೀರವ್ವ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದರು. "ನೀನಽ ಏನವಾ ಮಾಡಿದಾಕಿ? ನಾ ಬೀಗರ ಕ್ಯಾಸೆಟ್ಟಿನಾಗೂ ನೋಡಿನಿ. ಮಗಳನ್ನ ಕಳಸೂವಾಗ ತಾಯಿ ಅಳೂದು ಅಷ್ಟುದ್ದ ಯಾಕ ಇಡ್ತಿ? ಮೂಗು ಸೋರೂದು ಸೈತ ಕಾಣತೈತಿ. ಕಡಿ ಅದನ್ನ."

"ಕಡಿಯಂಗಿಲ್ರಿ" ಎಂದೆ.

ಒಂಬತ್ತು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ನನಗೇ ಮುಖಾಮುಖಿ ಯಾರಾದರೂ ಹೇಳಿದ ಮೊದಲ ಮಾತು. ಅದೂ ಬೈಗುಳ. ಪಕ್ಕೀರವ್ವ ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದರು. ಕೂತೆ.

25 ಜೂನ್

ಅತ್ತೆ ಮಾತು ಬಿಟ್ಟಿದ್ದಾರೆ. ಮಷೀನುಗಳನ್ನು ಅಂಗಡಿಗೆ ತಿರುಗಿ ಸಾಗಿಸಿದ್ದಾಯಿತು. ಮಾಜೀದ ನನ್ನ ಮುಖ ನೋಡದೆ ಒಂದು ಕಡೆ ಎತ್ತಿದ, ನಾನೊಂದು ಕಡೆ ಎತ್ತಿದೆ. ಹೊಸ ಬೋರ್ಡಿನಲ್ಲಿ ಅವನ ಹೆಸರು ಹಾಗೇ ಇದೆ, ಅಕ್ಷರ ದೊಡ್ಡವೇ. ಬೇವಿನ ಗಿಡದ ಮೇಲೆ ವಾಯರು ಜೋತಾಡುತ್ತಿತ್ತು. ಅತ್ತೆ ಅದನ್ನು ಎಳೆದು ಬಟ್ಟೆ ಒಣಗಿಸಲು ಕಟ್ಟಿಕೊಂಡರು.

ಮಧ್ಯಾಹ್ನ ಶೆಟರ್ ಪೂರ್ತಿ ತೆರೆದಿಟ್ಟುಕೊಂಡೇ ನನ್ನ ಕುರ್ಚಿಯಲ್ಲಿ ಕೂತು ಕುಷ್ಟಗಿ ಕೆಲಸ ಮುಗಿಸಿದೆ. ಊಟದ ಹೊತ್ತಿನ ಮೇಲೆ ಶಹನಾಯಿ ಹಾಕಿದೆ. ಪಕ್ಕೀರವ್ವನ ಅಳು ಇದ್ದಷ್ಟೂ ಇಟ್ಟೆ. ಕೊನೆಗೆ ಹಲಗೆ.

ಸಂಜೆ ಮಾಜೀದ ಬಾಗಿಲಲ್ಲಿ ನಿಂತು, ನಾಳೆ ಶ್ರೀರಾಮನಗರದ ಮದುವೆ ಇದೆ, ಖಾಲಿ ಕ್ಯಾಸೆಟ್ ಒಂದೂ ಇಲ್ಲ, ಹೊಸವು ತರಲೇನು ಎಂದು ಕೇಳಿದ. ಪೆಟ್ಟಿಗೆಯಲ್ಲಿ ನಾನು ಬಚ್ಚಿಟ್ಟದ್ದು ಹಾಗೇ ಇತ್ತು, ಅದರೊಳಗೆ ಏನನ್ನೂ ಇಳಿಸಿರಲಿಲ್ಲ. ಅದನ್ನು ಕೊಡಲಿಲ್ಲ. ಹೊಸದು ಯಾಕೆ ಹಾಳು ಮಾಡುವುದು.

ಕುಷ್ಟಗಿಯ ನಾಲ್ಕನ್ನೂ ತೆಗೆದುಕೊಟ್ಟೆ. "ಭಾಬಿ, ಇವು ಅಣ್ಣನ…" ಎಂದ.

"ಇವನ್ನ ಒಯ್ಯಿ. ಇನ್ನಾ ಗಟ್ಟಿ ಅದಾವ, ಎರಡ ಮೂರು ಮದುವಿಗೆ ಬರ್ತಾವ" ಎಂದೆ.